ಒಂದೇ ಜಮಖಾನದ ಮೇಲೆ ಐದು ತರಗತಿಗಳ ಕಥೆ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಎರೆ ಭೂಮಿಯ ನಡುವಿನ ಸಣ್ಣ ಊರೊಂದರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ಒಂದರಿಂದ ಐದನೆಯ ತರಗತಿಯವರೆಗೆ 23 ಮಕ್ಕಳು, ಇಬ್ಬರು ಶಿಕ್ಷಕರು. ಒಂದರಿಂದ ಮೂರರವರೆಗಿನ ಮಕ್ಕಳು ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯ, ಕೊಠಡಿಯಲ್ಲಿ ನನ್ನೊಂದಿಗೆ ಇರುತ್ತಾರೆ. ನಾಲ್ಕು ಮತ್ತು ಐದನೆಯವರಿಗೆ ಮುಖ್ಯ ಶಿಕ್ಷಕರು ಪಾಠ ಮಾಡುತ್ತಾರೆ. ಅವರು ತರಬೇತಿಗೋ ಸಭೆಗೋ ಹೋದ ದಿನ ಐದೂ ತರಗತಿಗಳು ನನ್ನ ಪಾಲಿಗೆ ಬರುತ್ತವೆ. ಅಂಥ ದಿನಗಳಲ್ಲಿ ಎಲ್ಲರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿಕೊಂಡು ಆರಂಭಿಸಿದ ಕಥೆ ಬರೆಯುವ ಕೆಲಸ, ಈಗ ನಾಲ್ಕು ವರ್ಷಗಳಿಂದ ಶನಿವಾರದ ಬೆಳಗಿನ ಶಾಲೆಯಲ್ಲಿ ತಪ್ಪದೆ ನಡೆಯುತ್ತಿದೆ.

ಮೊದಲ ಕೆಲವು ತಿಂಗಳು ನಾನು ಮಾಡಿದ್ದು ತಪ್ಪು. ಕಪ್ಪು ಹಲಗೆಯ ಮೇಲೆ ಕಾಗೆ, ಬಾಯಾರಿಕೆ, ಹೂಜಿ, ಕಲ್ಲು ಎಂದು ಸುಳುಹುಗಳನ್ನು ಬರೆದು, ಇವುಗಳ ಸಹಾಯದಿಂದ ಕಥೆ ಬರೆಯಿರಿ ಎಂದು ಹೇಳುತ್ತಿದ್ದೆ. ನಾಲ್ಕು-ಐದನೆಯ ತರಗತಿಯವರು ಎಲ್ಲರೂ ಒಂದೇ ಕಥೆಯನ್ನು, ಬಹುಮಟ್ಟಿಗೆ ಒಂದೇ ಮಾತುಗಳಲ್ಲಿ ಬರೆದು, ಕೊನೆಗೆ ‘ನೀತಿ’ ಎಂದು ಅಡಿಗೆರೆ ಎಳೆದು ಕೊಡುತ್ತಿದ್ದರು. ಮೂರನೆಯವರು ಸುಳುಹುಗಳನ್ನೇ ನಕಲು ಮಾಡುತ್ತಿದ್ದರು. ಒಂದು-ಎರಡನೆಯವರಿಗೆ ಬಣ್ಣ ಹಚ್ಚಲು ಕಾಗೆಯ ಚಿತ್ರ ಕೊಟ್ಟು, ಅವರು ಗದ್ದಲ ಮಾಡದೆ ಕುಳಿತರೆ ಸಾಕೆಂದುಕೊಳ್ಳುತ್ತಿದ್ದೆ. ಬರೆಯಲು ಬಾರದವರಿಗೆ ಕಥೆಯ ಕೆಲಸವಿಲ್ಲ ಎಂದು ಬಾಯಿಬಿಟ್ಟು ಹೇಳದಿದ್ದರೂ ನಾನು ನಡೆದುಕೊಂಡಿದ್ದು ಹಾಗೆಯೇ.

ಅದನ್ನು ತಿದ್ದಿದವಳು ಒಂದನೆಯ ತರಗತಿಯ ಒಬ್ಬ ಹುಡುಗಿ. ನಲಿ-ಕಲಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತೇವೆ, ಅವುಗಳಿಂದಲೇ ಪದ ಕಟ್ಟಿಸುತ್ತೇವೆ. ಅವಳಿಗೆ ಅಷ್ಟೇ ಅಕ್ಷರಗಳು ಬರುತ್ತಿದ್ದವು. ಒಂದು ಶನಿವಾರ ಅವಳ ಪಾಟಿಯ ಮೇಲೆ ಅರಸ, ಸರ, ಗದಗ, ದರ ಎಂಬ ನಾಲ್ಕು ಪದಗಳು ಒಂದರ ಕೆಳಗೊಂದು ಇದ್ದವು. ಪದಗಳ ಅಭ್ಯಾಸ ಮಾಡಿದ್ದಾಳೆ ಎಂದುಕೊಂಡು ಸರಿ ಗುರುತು ಹಾಕಲು ಹೋದಾಗ ಅವಳು ಬೆರಳಿಟ್ಟು ಓದತೊಡಗಿದಳು: “ಅರಸ ಸರ ಕಳಕೊಂಡಾನ್ರಿ ಟೀಚರ್. ಹುಡುಕ್ಕೋಂತ ಗದಗಕ್ಕ ಹೋಗ್ಯಾನ. ಅಲ್ಲಿ ಅಂಗಡ್ಯಾಗ ಅವನ ಸರಾನ ಐತಿ. ದರ ಕೇಳ್ಯಾನ.” ಆಮೇಲೆ ಏನಾಯಿತು ಎಂದು ಕೇಳಿದೆ. “ಅವನ ಕಡೆ ರೊಕ್ಕ ಇಲ್ರಿ” ಎಂದಳು. ಕಳೆದುಹೋದ ತನ್ನ ಸರವನ್ನೇ ಕೊಳ್ಳಲು ಹಣವಿಲ್ಲದೆ ಅಂಗಡಿಯ ಮುಂದೆ ನಿಂತ ಅರಸನ ಕಥೆ ಅದು. ಆ ದಿನ ಐದನೆಯ ತರಗತಿಯ ಯಾವ ನೋಟುಬುಕ್ಕಿನಲ್ಲೂ ಅಷ್ಟು ಗಟ್ಟಿಯಾದ ಕಥೆ ಇರಲಿಲ್ಲ.

ಕಥೆ ಕಟ್ಟುವ ಶಕ್ತಿ ಮತ್ತು ಬರೆಯುವ ಶಕ್ತಿ ಒಂದೇ ಏಣಿಯ ಮೆಟ್ಟಿಲುಗಳಲ್ಲ ಎಂಬುದು ನನಗೆ ಅಲ್ಲಿ ಮನವರಿಕೆಯಾಯಿತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ, ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೊಠಡಿಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯಬಹುದೆಂದು ನಮಗೆ ತೋರಿಸಿದೆ. ಆದರೆ ಅಲ್ಲಿನ ಕಲಿಕಾ ಏಣಿಯಲ್ಲಿ ಮಗು ಅಕ್ಷರದಿಂದ ಪದಕ್ಕೆ, ಪದದಿಂದ ವಾಕ್ಯಕ್ಕೆ ಏರುತ್ತದೆ. ಕಥೆಗೆ ಆ ಕ್ರಮವನ್ನು ಹಿಡಿದರೆ ಆರು ವರ್ಷದ ಮಗು ಕಥೆಗಾಗಿ ಮೂರು ವರ್ಷ ಕಾಯಬೇಕಾಗುತ್ತದೆ. ಆದ್ದರಿಂದ ಹೇಳುವುದನ್ನೂ ಬರೆಯುವುದನ್ನೂ ನಾನು ಬೇರ್ಪಡಿಸಿದೆ. ಮೊದಲ ಮುಕ್ಕಾಲು ಗಂಟೆ ಯಾರ ಕೈಯಲ್ಲೂ ಪೆನ್ಸಿಲ್ ಇರುವುದಿಲ್ಲ.

ಆ ಹೊತ್ತಿನಲ್ಲಿ ನಮಗೆ ನೆರವಾದದ್ದು ಮನೆಯ ಹಳೆಯ ರೂಢಿ. ಅಜ್ಜಿ ಕಥೆ ಹೇಳುವಾಗ ಯಾರಾದರೂ ಹೂಂಗುಟ್ಟಬೇಕು. ಹೂಂಗುಟ್ಟುವವರಿಲ್ಲದೆ ಕಥೆ ಮುಂದೆ ಸಾಗುವುದಿಲ್ಲ. ಪ್ರತಿ ಶನಿವಾರ ಇಬ್ಬರು ಮಕ್ಕಳಿಗೆ ಹೂಂಗುಟ್ಟುವ ಕೆಲಸ ಕೊಡುತ್ತೇನೆ. ಅರ್ಥವಾಗದ ಕಡೆ ಅವರು ಹೂಂ ಅನ್ನಬಾರದು, ಸುಮ್ಮನಿರಬೇಕು. ಆ ಮೌನ ಬಂದ ಕೂಡಲೇ ಹೇಳುತ್ತಿರುವ ಮಗು ತಾನಾಗಿಯೇ ಹಿಂದಕ್ಕೆ ಹೋಗಿ, ಬಿಟ್ಟದ್ದನ್ನು ಸೇರಿಸಿಕೊಂಡು ಬರುತ್ತದೆ. ಕಥೆಯ ಹಂದರದ ಬಗ್ಗೆ ನಾನು ಮಾಡಿದ ಯಾವ ವಿವರಣೆಯೂ ಇಷ್ಟು ಕೆಲಸ ಮಾಡಿರಲಿಲ್ಲ.

ಆಮೇಲೆ ಬರೆಯುವ ಜೋಡಿಗಳು. ಒಂದು-ಎರಡನೆಯ ತರಗತಿಯ ಒಬ್ಬರೊಂದಿಗೆ ನಾಲ್ಕು-ಐದನೆಯ ತರಗತಿಯ ಒಬ್ಬರು ಕೂರುತ್ತಾರೆ. ಅಕ್ಕ-ತಮ್ಮಂದಿರನ್ನು ಜೋಡಿ ಮಾಡುವುದಿಲ್ಲ. ಮನೆಯಲ್ಲಿ ತಮ್ಮನ ಪರವಾಗಿ ಮಾತಾಡಿ ರೂಢಿಯಾದ ಅಕ್ಕ ಇಲ್ಲಿಯೂ ಹಾಗೆಯೇ ಮಾಡುತ್ತಾಳೆ. ಕಾಗದವನ್ನು ಎರಡು ಸಲ ಮಡಚಿ ಬಿಚ್ಚಿದರೆ ನಾಲ್ಕು ಮನೆಗಳಾಗುತ್ತವೆ. ಒಂದು ಮನೆಗೆ ಒಂದು ಘಟನೆಯಂತೆ ಚಿಕ್ಕವರು ಚಿತ್ರ ಬರೆದು ಕಥೆ ಹೇಳುತ್ತಾರೆ, ದೊಡ್ಡವರು ಅದನ್ನು ಕೆಳಗೆ ಬರೆಯುತ್ತಾರೆ. ತನಗೆ ಬರುವ ಪದಗಳನ್ನು ಚಿಕ್ಕ ಮಗು ತಾನೇ ಬರೆಯಬೇಕು, ಅದು ಒಂದೇ ಪದವಾದರೂ ಸರಿ.

ಇದರ ತೊಡಕು ತಿಳಿದದ್ದು ಮಣ್ಣೆತ್ತಿನ ಅಮಾವಾಸ್ಯೆಯ ನಂತರದ ಶನಿವಾರ. ನಮ್ಮ ಕಡೆ ಆ ಹಬ್ಬಕ್ಕೆ ಎರೆ ಮಣ್ಣಿನಿಂದ ಎತ್ತು, ಗ್ವಾದಲಿ (ಮೇವಿನ ತೊಟ್ಟಿ) ಮಾಡಿ ಪೂಜಿಸುತ್ತಾರೆ. ಮರುದಿನ ಮಕ್ಕಳು ಕುಂಟೆತ್ತು ಬಂದಿದೆ ಎಂದು ಮನೆ ಮನೆಗೆ ಹೋಗಿ ಜೋಳ ಬೇಡುತ್ತಾರೆ. ಒಬ್ಬ ಹುಡುಗ ಕಾಲು ಮುರಿದ ಮಣ್ಣೆತ್ತೊಂದನ್ನು ಶಾಲೆಗೆ ತಂದಿದ್ದ. ಅದನ್ನು ಜಮಖಾನದ ನಡುವೆ ಇಟ್ಟು, ಇದರ ಕಥೆ ಹೇಳಿರಿ ಎಂದೆ. ಎರಡನೆಯ ತರಗತಿಯ ಹುಡುಗನ ನಾಲ್ಕನೆಯ ಮನೆಯ ಮಾತು ಇದು: “ಕುಂಟೆತ್ತು ಮಳಿಯಾಗ ತೊಯ್ದು ಕರಗಿ ಹೊಲಾ ಆತು.” ಅವನ ಜೋಡಿಯಾಗಿದ್ದ ಐದನೆಯ ತರಗತಿಯ ಹುಡುಗಿ, ಜಾಣೆ, ಅದನ್ನು “ಕುಂಟೆತ್ತು ಮಳೆಯಲ್ಲಿ ನೆನೆದು ಕರಗಿ ಮಣ್ಣಾಯಿತು” ಎಂದು ಬರೆದಳು. ಓದಿ ಹೇಳಿದಾಗ ಹುಡುಗ ಕಾಗದವನ್ನು ಕಸಿದುಕೊಂಡ. “ನಾ ಹಂಗ ಅಂದಿಲ್ಲ. ಮಣ್ಣ ಅಲ್ಲ, ಹೊಲಾ.” “ಎತ್ತು ಹೊಲಾ ಹೆಂಗ ಆಕ್ಕೈತಿ?” ಎಂದು ಅವಳು ಕೇಳಿದಳು. ಅವನ ಕಣ್ಣಲ್ಲಿ ನೀರು ಬಂದಿತ್ತು. ಹೊಲ ಉಳಲಾಗದ ಕುಂಟೆತ್ತು ಕೊನೆಗೆ ತಾನೇ ಹೊಲವಾಗುವುದು ಅವನ ಕಥೆಯ ಜೀವ. ಹುಡುಗಿ ಭಾಷೆಯನ್ನು ತಿದ್ದಲು ಹೋಗಿ ಆ ಜೀವವನ್ನೇ ತೆಗೆದುಬಿಟ್ಟಿದ್ದಳು, ಮತ್ತು ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ತಿದ್ದುವುದನ್ನು ಅವಳಿಗೆ ಕಲಿಸಿದವಳು ನಾನು.

ಅಂದಿನಿಂದ ಬರೆಯುವವರಿಗೆ ಎರಡೇ ಪ್ರಶ್ನೆಗಳಿಗೆ ಅವಕಾಶ: “ಆಮೇಲೆ ಏನಾತು?” ಮತ್ತು “ಯಾಕ?” ಹೇಳಿದವರ ಮಾತನ್ನು ಹೇಳಿದಂತೆಯೇ ಬರೆದು, ಓದಿ ಹೇಳಿ, ಅವರು ಹೂಂ ಅಂದ ಮೇಲಷ್ಟೇ ಮುಂದಿನ ಮನೆಗೆ ಹೋಗಬೇಕು.

ಹೇಳಿದಂತೆಯೇ ಬರೆಯುವುದೆಂದರೆ ಆಡುಮಾತಿನಲ್ಲಿ ಬರೆಯುವುದು. ಮನೆಯ ಮಾತು ಬರೆಯಲು ಶಾಲೆಗೆ ಯಾಕೆ ಕಳಿಸಬೇಕು ಎಂದು ಒಬ್ಬ ತಂದೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಚಿಕ್ಕವರ ಕಥೆ ಪೂರ್ತಿ ಆಡುಮಾತಿನಲ್ಲಿರಲಿ, ನಾಲ್ಕನೆಯ ತರಗತಿಯಿಂದ ನಿರೂಪಣೆ ಗ್ರಾಂಥಿಕ ಕನ್ನಡದಲ್ಲಿಯೂ ಪಾತ್ರಗಳ ಮಾತು ಮನೆಯ ಕನ್ನಡದಲ್ಲಿಯೂ ಇರಲಿ ಎಂಬುದು ನಾನು ಕಂಡುಕೊಂಡ ದಾರಿ. ಉದ್ಧರಣ ಚಿಹ್ನೆ ಏಕೆ ಬೇಕೆಂದು ದೊಡ್ಡವರಿಗೆ ನಿಜವಾಗಿ ತಿಳಿದದ್ದೂ ಹೀಗೆಯೇ: ಆ ಚಿಹ್ನೆಯ ಒಳಗೆ ಅಜ್ಜಿ ಅಜ್ಜಿಯಂತೆಯೇ ಮಾತಾಡಬಹುದು. ಅವರ ಮಗಳ ನೋಟುಬುಕ್ಕಿನ ಎರಡು ಪುಟಗಳನ್ನು ಆ ತಂದೆಗೆ ತೋರಿಸಿದಾಗ ಅವರು ಒಪ್ಪಿದರು.

ಕಾಗುಣಿತ ಮತ್ತು ಒತ್ತಕ್ಷರಗಳ ವಿಷಯದಲ್ಲಿ ನಾನು ಬಿಗಿಯಾಗಿದ್ದೆ, ಈಗ ಸಡಿಲಿಸಿದ್ದೇನೆ. ‘ಮಣ್ಣೆತ್ತು’ ಎಂಬುದು ‘ಮಣೆತು’ ಎಂದು ಬಂದರೆ ಮೊದಲ ಬರವಣಿಗೆಯಲ್ಲಿ ಕೆಂಪು ಶಾಯಿ ಹಚ್ಚುವುದಿಲ್ಲ. ವಾರಕ್ಕೆ ಎರಡು ಪದಗಳನ್ನು ಮಾತ್ರ ಆರಿಸಿ ಸೋಮವಾರ ಹಲಗೆಯ ಮೇಲೆ ಎಲ್ಲರೊಂದಿಗೆ ಬಿಡಿಸುತ್ತೇನೆ. ತಿದ್ದಿ ಬರೆದ ಪ್ರತಿಯನ್ನು ದಬ್ಬಣ ಮತ್ತು ದಾರದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿ, ಓದುವ ಮೂಲೆಯಲ್ಲಿ ಇಡುತ್ತೇವೆ. ಮೊದಲ ಪ್ರತಿ, ಮಗುವಿನ ಕೆಲಸಗಳನ್ನು ಕೂಡಿಡುವ ಕೃತಿ ಸಂಪುಟಕ್ಕೆ ಹೋಗುತ್ತದೆ.

ದೊಡ್ಡ ಮಕ್ಕಳು ಬರೀ ಚಿಕ್ಕವರ ಗುಮಾಸ್ತರಾಗುವ ಅಪಾಯವೂ ಇತ್ತು. ಈಗ ವಾರ ಬಿಟ್ಟು ವಾರ ಅವರ ಸ್ವಂತ ಕಥೆಗಳಿಗೆ ಮೀಸಲು. ಆ ದಿನ ಹೂಂಗುಟ್ಟುವವರು ಚಿಕ್ಕವರು. ದೊಡ್ಡವರಿಗೆ ಬೇಕಾದ ಕಲಿಕೆ ಬೇರೆಯದು. ಅವರ ಕಥೆಗಳಲ್ಲಿ ಟಿವಿಯ ಕಾರ್ಟೂನು ಮತ್ತು ಧಾರಾವಾಹಿಗಳ ಘಟನೆಗಳು ಹೆಚ್ಚು, ಅವರ ಊರು ಕಡಿಮೆ. ‘ನೀತಿ’ಯ ಸಾಲನ್ನು ಬರೆಯಬೇಡಿರಿ ಎಂದ ಮೇಲೆ ಕೊನೆ ಮಾಡುವುದು ಹೇಗೆಂದು ತಿಳಿಯದೆ ಕೆಲವರು ಒಂದು ತಿಂಗಳು ಕಷ್ಟಪಟ್ಟರು. ಐದನೆಯ ತರಗತಿಯ ಒಬ್ಬ ಹುಡುಗನಿಗೆ ಅವನದೇ ಕಥೆಯನ್ನು ಗಟ್ಟಿಯಾಗಿ ಓದಲು ಹೇಳಿದೆ. ‘ಆಮೇಲೆ’ ಎಂಬ ಪದ ಬಂದಾಗಲೆಲ್ಲ ಚಿಕ್ಕವರು ಒಂದೊಂದು ಹುಣಸೆ ಬೀಜ ಇಟ್ಟರು. ಹನ್ನೊಂದು ಬೀಜಗಳಾದವು. ಅವನು ಪೆನ್ಸಿಲ್ ತೆಗೆದುಕೊಂಡು ತಾನೇ ಏಳನ್ನು ಹೊಡೆದುಹಾಕಿದ.

ನನಗೆ ಹೆಚ್ಚು ಕಷ್ಟವಾದದ್ದು ಮೂರನೆಯ ತರಗತಿಯವರದು. ಅವರಿಗೆ ಬರೆಯಲು ಬರುತ್ತದೆ, ಆದ್ದರಿಂದ ಜೋಡಿ ಬೇಡ ಎನ್ನುತ್ತಾರೆ. ಆದರೆ ಬರೆಯಲು ಕೂತ ಕೂಡಲೇ ಅವರ ಕಥೆ ಕುಗ್ಗುತ್ತದೆ. ಬಾಯಲ್ಲಿ ಹತ್ತು ನಿಮಿಷ ನಡೆದ ಕಥೆ ಕಾಗದದಲ್ಲಿ ಮೂರು ಸಾಲಾಗುತ್ತದೆ, ಏಕೆಂದರೆ ತಪ್ಪಿಲ್ಲದೆ ಬರೆಯಬಲ್ಲ ಪದಗಳನ್ನಷ್ಟೇ ಅವರು ಉಳಿಸಿಕೊಳ್ಳುತ್ತಾರೆ. ಎರಡು ವರ್ಷ ಇದಕ್ಕೆ ನನ್ನಲ್ಲಿ ಉಪಾಯವಿರಲಿಲ್ಲ. ಈಗ ಬರೆದ ಮೇಲೆ ಮತ್ತೊಮ್ಮೆ ಕಥೆ ಹೇಳಿಸುತ್ತೇನೆ. ಕೇಳುವ ಗೆಳೆಯ ಕಾಗದವನ್ನು ನೋಡುತ್ತಿದ್ದು, ಹೇಳಿದ್ದು ಅಲ್ಲಿ ಇಲ್ಲವೆನಿಸಿದ ಕಡೆ ಒಂದು ಚುಕ್ಕೆ ಇಡುತ್ತಾನೆ. ಬಿಟ್ಟುಹೋದದ್ದನ್ನು ಸಣ್ಣ ಚೀಟಿಯಲ್ಲಿ ಬರೆದು ಚುಕ್ಕೆಯ ಪಕ್ಕಕ್ಕೆ ಅಂಟಿಸಬೇಕು. ಮೊನ್ನೆ ಹೆಸರುಕಾಯಿ ಬಿಡಿಸುವ ಕಾಲದಲ್ಲಿ ಕಳೆದುಹೋದ ಆಡಿನ ಮರಿಯ ಕಥೆ ಬರೆದ ಹುಡುಗನ ಕಾಗದಕ್ಕೆ ಎಂಟು ಚೀಟಿಗಳು ಅಂಟಿದ್ದವು. ಅದನ್ನು ಮಡಚಿ ಚೀಲದಲ್ಲಿ ಇಡಲು ಆಗದೆ, ಎರಡೂ ಕೈಗಳಲ್ಲಿ ಬಿಡಿಸಿ ಹಿಡಿದುಕೊಂಡೇ ಅವನು ಮನೆಗೆ ಹೋದ.