ಗಿಟಾರ್‌ಗೆ ಯಾವ ತಂತಿ? ಆರಿಸುವುದು ಹೀಗೆ

ತಂತಿಯ ಪ್ಯಾಕೆಟ್ಟಿಗೆ ಕೈಹಾಕುವ ಮೊದಲು ಗಿಟಾರಿನ ಬ್ರಿಡ್ಜ್, ಅಂದರೆ ಮೇಲ್ಹಲಗೆಯ ಮೇಲೆ ತಂತಿಗಳ ತುದಿ ಕಟ್ಟುವ ಪಟ್ಟಿ, ನೋಡಿ. ತಂತಿಯನ್ನು ಬ್ರಿಡ್ಜಿಗೇ ಸುತ್ತಿ ಗಂಟು ಹಾಕಿದ್ದರೆ ಅದು ಕ್ಲಾಸಿಕಲ್ ಗಿಟಾರ್, ಅದಕ್ಕೆ ನೈಲಾನ್ ಮಾತ್ರ. ತುದಿಯ ಪುಟ್ಟ ಗುಂಡನ್ನು ತೂತಿಗೆ ಇಳಿಸಿ ಪಿನ್ ಒತ್ತಿದ್ದರೆ ಸಾಮಾನ್ಯವಾಗಿ ಸ್ಟೀಲ್ ತಂತಿಯ ಅಕೂಸ್ಟಿಕ್. ಇಲ್ಲಿ ಎಡವಿದರೆ ವಾದ್ಯವೇ ಹಾಳು. ನೈಲಾನ್ ಸೆಟ್ಟಿನ ಆರೂ ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೊ. ಸ್ಟೀಲಿನ '12' ಸೆಟ್ಟಿನದು (ಈ ಅಂಕಿಯ ಅರ್ಥ ಮುಂದಿದೆ) 70 ದಾಟುತ್ತದೆ. ಅಷ್ಟು ಜಗ್ಗಿದರೆ ಕ್ಲಾಸಿಕಲ್‌ನ ತೆಳು ಮೇಲ್ಹಲಗೆ ಉಬ್ಬುತ್ತದೆ, ಬ್ರಿಡ್ಜ್ ಅಂಟು ಬಿಟ್ಟು ಎದ್ದೇಳುತ್ತದೆ.

ಮುಂದಿನದು ಗೇಜ್, ಅಂದರೆ ದಪ್ಪ. '12' ಎಂದರೆ ಅತಿ ತೆಳುವಾದ ಮೊದಲ ತಂತಿ 0.012 ಇಂಚು, ಸುಮಾರು 0.3 ಮಿ.ಮೀ. ಅಕೂಸ್ಟಿಕ್‌ನಲ್ಲಿ ಹೊಸಬರಿಗೆ 10 ಅಥವಾ 11 ಸಾಕು, ಬೆರಳು ಕಡಿಮೆ ನೋಯುತ್ತದೆ. ಜೋರಾಗಿ ಸ್ಟ್ರಮ್ ಮಾಡುವವರ (ತಂತಿಗಳನ್ನು ಒಟ್ಟಿಗೆ ಬಾರಿಸುವವರ) ಕೈಯಲ್ಲಿ ಅದೇ ತೆಳು ತಂತಿ ಫ್ರೆಟ್ಟಿಗೆ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಬಡಿದು ಝರ್ರನೆ ಸದ್ದು ಮಾಡುತ್ತದೆ. ಅವರಿಗೆ 12 ಇರಲಿ. ಎಲೆಕ್ಟ್ರಿಕ್‌ಗೆ 9 ಅಥವಾ 10. ಶ್ರುತಿ ಇಳಿಸಿ ನುಡಿಸುವುದಾದರೆ ಒಂದು ಗೇಜ್ ಮೇಲೆ ಹೋಗಿ, ಇಲ್ಲದಿದ್ದರೆ ತಂತಿ ಜೋತಾಡುತ್ತದೆ.

ಲೋಹದ ವಿಷಯಕ್ಕೆ ಅನಗತ್ಯವಾಗಿ ತಲೆ ಕೆಡಿಸಿಕೊಳ್ಳುವವರೇ ಹೆಚ್ಚು. ಅಕೂಸ್ಟಿಕ್‌ಗೆ 80/20 ಬ್ರಾಂಜ್ (80 ಪಾಲು ತಾಮ್ರ, 20 ಪಾಲು ಸತು) ಹಾಕಿದರೆ ನಾದ ಚುರುಕು, ಫಾಸ್ಫರ್ ಬ್ರಾಂಜ್ ಹಾಕಿದರೆ ಕೊಂಚ ದುಂಡು. ಎಲೆಕ್ಟ್ರಿಕ್‌ಗೆ ಮಾತ್ರ ಬ್ರಾಂಜ್ ಬೇಡ. ಪಿಕಪ್ಪಿನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗದ) ಆಯಸ್ಕಾಂತ, ದಪ್ಪ ತಂತಿಗಳ ಮೇಲೆ ಸುತ್ತಿದ ಬ್ರಾಂಜ್ ಎಳೆಯನ್ನು ಹಿಡಿಯದ ಕಾರಣ ಸುತ್ತಿಲ್ಲದ ತಂತಿಗಳು ಕಿರುಚುತ್ತವೆ, ಉಳಿದವು ಪಿಸುಗುಟ್ಟುತ್ತವೆ. ಅಲ್ಲಿ ನಿಕಲ್ ಲೇಪಿತ ಸ್ಟೀಲೇ ಸರಿ. ಅಂಗೈ ಬೆವರುವವರು ಕೋಟೆಡ್ (ತೆಳು ಲೇಪನವಿರುವ) ತಂತಿ ಕೊಂಡರೆ ತುಕ್ಕು ತಡವಾಗಿ ಹಿಡಿಯುತ್ತದೆ.

ಗೇಜ್ ಬದಲಿಸಿದಿರಾ? ಹಾಗಾದರೆ ನೆಕ್, ಅಂದರೆ ಗಿಟಾರಿನ ಉದ್ದ ಕತ್ತು, ಪರೀಕ್ಷಿಸಿ. ದಪ್ಪ ತಂತಿ ಅದನ್ನು ಮುಂದಕ್ಕೆ ಬಾಗಿಸಿ ತಂತಿಗಳನ್ನು ಮೇಲೆತ್ತುತ್ತದೆ. ಆ ಬಾಗು ಸರಿಪಡಿಸಲು ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇದ್ದರೆ ಅದನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.

ಶ್ರುತಿ ಮಾಡುವಾಗ 'ಟಿಣ್' ಎಂದು ತಂತಿ ಹಾರಿ, ಸ್ವರ ಥಟ್ಟನೆ ಮೇಲೇರಿದರೆ ಬಿರಡೆಯನ್ನು ದೂರಬೇಡಿ. ದಪ್ಪ ತಂತಿ ನಟ್ಟಿನ (ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯ) ಕಚ್ಚಿನಲ್ಲಿ ಸಿಕ್ಕಿಕೊಂಡಿದೆ. ತಂತಿ ಸಡಿಲಿಸಿ, ಪಕ್ಕಕ್ಕೆ ಸರಿಸಿ, ಕಚ್ಚಿಗೆ ಪೆನ್ಸಿಲ್ ಮೊನೆ ಉಜ್ಜಿ. ಆಗಲೂ ಹಿಡಿದರೆ ಕಚ್ಚನ್ನು ಅಗಲಿಸಬೇಕು; ಅದಕ್ಕೆ ತಂತಿಯ ಅಳತೆಯದೇ ಅರ ಬೇಕು, ಚಾಕು ಆಡಿಸಬೇಡಿ. ಕಚ್ಚು ಆಳವಾಗಿಬಿಟ್ಟರೆ ಒತ್ತದೆ ನುಡಿಸಿದ ತಂತಿ ಮೊದಲ ಫ್ರೆಟ್ಟಿಗೆ ತಾಗುತ್ತದೆ, ನಟ್ಟನ್ನೇ ಬದಲಿಸಬೇಕಾಗುತ್ತದೆ.