ಮಂಡಗದ್ದೆ ಬರುವಷ್ಟರಲ್ಲಿ ಎಷ್ಟು ಪುಟ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನನಗೆ ನಿಶ್ಚಿಂತೆಯಿಂದ ಓದಲು ಸಿಗುವ ಹೊತ್ತೆಂದರೆ ಆ ಪ್ರಯಾಣವೊಂದೇ. ತಿರುವುಗಳಲ್ಲಿ ತಲೆ ಸುತ್ತುವವರಿಗೆ ಅದು ಹೇಳಿ ಮಾಡಿಸಿದ ಜಾಗವೇನಲ್ಲ. ನಾಲ್ಕು ವರ್ಷಗಳ ಹಿಂದೆ ದಾರಿಯ ನಡುವೆ ಸಿಗುವ ಮಂಡಗದ್ದೆ ತಲುಪುವಷ್ಟರಲ್ಲಿ ಕಾದಂಬರಿಯ 14 ಪುಟಗಳನ್ನು ಓದಿದರೆ ಹೆಚ್ಚು ಎನ್ನುವಂತಿತ್ತು. ಓದುವ ವೇಗವನ್ನು ಹೆಚ್ಚಿಸಿಕೊಳ್ಳಬೇಕೆಂದು ಹೊರಟಾಗ, ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷಿನ ಲೆಕ್ಕವನ್ನು ನಾನು ಹಿಡಿಯಲಿಲ್ಲ. ‘ಬರಬೇಕಾಗಿತ್ತೇನೋ’ ಎಂಬುದನ್ನು ಒಂದೇ ಪದವಾಗಿ ಬರೆಯುವ ಭಾಷೆಗೆ ಆ ಅಳತೆ ಒಗ್ಗುವುದಿಲ್ಲ.

ಮೊದಲು ಒಂದೊಂದೇ ಪದವನ್ನು ಪರದೆಯ ಮೇಲೆ ಮಿಂಚಿಸುವ ಆ್ಯಪ್ ಒಂದನ್ನು ಬಳಸಿ ನೋಡಿದೆ. ಕಥೆ ತಿಳಿಯಿತು, ಬರವಣಿಗೆ ಮಾತ್ರ ಕೈಗೆ ಸಿಗಲಿಲ್ಲ. ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಪುಟ್ಟ ಪುಟ್ಟ ನೆಗೆತಗಳಲ್ಲಿ ಸಾಗಿ ಒಂದೊಂದು ಕಡೆಯೂ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ನಡುನಡುವೆ ಹಿಂದಕ್ಕೂ ನೆಗೆಯುತ್ತದೆ ಎಂದು ಆಮೇಲೆ ಓದಿ ತಿಳಿದೆ. ನನ್ನ ನಿಧಾನದ ಮೂಲ ಈ ಹಿಂದಿನ ನೆಗೆತದಲ್ಲಿತ್ತು. ಅರ್ಥವಾಗದೆ ಹಿಂದಿರುಗುವುದು ಬೇಕಾದದ್ದೇ. ನಾನಾದರೋ ಹೆಚ್ಚಿನ ಸಲ ಮನಸ್ಸು ಕಿಟಕಿಯಾಚೆ ಹೋಗಿದ್ದರಿಂದ ಹಿಂದಿರುಗುತ್ತಿದ್ದೆ.

ಶಾಲೆಯ ಮಕ್ಕಳಂತೆ ಸಾಲಿನ ಕೆಳಗೆ ರಟ್ಟಿನ ತುಂಡನ್ನು ಹಿಡಿದು ಓದತೊಡಗಿದಾಗ ಬಸ್ಸಿನ ಕುಲುಕಾಟದಲ್ಲಿ ಅದು ಮೇಲಕ್ಕೆ ಸರಿದು ಒತ್ತಕ್ಷರಗಳನ್ನೇ ನುಂಗಿಬಿಡುತ್ತಿತ್ತು. ಕನ್ನಡದ ಅರ್ಧ ಗುಟ್ಟು ಇರುವುದು ಸಾಲಿನ ಕೆಳಗೇ ಅಲ್ಲವೇ! ಆದ್ದರಿಂದ ರಟ್ಟನ್ನು ಮೇಲಿನಿಂದ ಇಟ್ಟು, ಓದಿ ಮುಗಿದ ಸಾಲುಗಳನ್ನು ಮುಚ್ಚುತ್ತಾ ಬಂದೆ. ತೀರಾ ಅಗತ್ಯವಿದ್ದರೆ ಮಾತ್ರ ಅದನ್ನು ಎತ್ತುವುದೆಂದು ಗೊತ್ತುಮಾಡಿಕೊಂಡೆ.

ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಉದ್ದನೆಯ ವಾಕ್ಯಗಳನ್ನು ತುಂಡು ಮಾಡುವ ಅಭ್ಯಾಸ. ನಮ್ಮ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ತುದಿಯಲ್ಲಿ ಬರುವುದರಿಂದ ಅಲ್ಲಿಯವರೆಗಿನದನ್ನೆಲ್ಲ ಪದಪದವಾಗಿ ಹೊತ್ತುಕೊಂಡು ಹೋದರೆ ಆಯಾಸವಾಗುತ್ತದೆ. ‘ಹೊಳೆ ದಾಟಿ’, ‘ಮಳೆ ನಿಂತ ಮೇಲೆ’, ‘ಅವನು ಬಂದಾಗ’ ಎಂಬಂಥ ಕಡೆಗಳನ್ನೇ ಮೆಟ್ಟಿಲುಗಳಾಗಿ ಮಾಡಿಕೊಂಡು, ಒಂದೊಂದು ತುಂಡನ್ನೂ ಒಂದೇ ಹಿಡಿತದಲ್ಲಿ ಗ್ರಹಿಸಲು ಪ್ರಯತ್ನಿಸಿದೆ. ಮೊದಲ ಮೂರು ವಾರ ವೇಗ ಇನ್ನೂ ಕುಸಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ದೂರದಲ್ಲಿ 21 ಪುಟಗಳಾಗುತ್ತಿದ್ದವು. ಅಲ್ಲಿಂದ ಮುಂದಕ್ಕೆ ಎಷ್ಟು ಹೆಣಗಿದರೂ ಏರಲಿಲ್ಲ, ನಾನೂ ಬಲವಂತ ಮಾಡಲಿಲ್ಲ.

ಮನಸ್ಸಿನೊಳಗೆ ಉಚ್ಚರಿಸುವುದನ್ನು ಬಿಡಬೇಕೆಂಬ ಸಲಹೆಯನ್ನು ಮಾತ್ರ ನಾನು ಒಪ್ಪಲಿಲ್ಲ. ‘ಎಂತ ಮಾರಾಯ’ ಎಂಬ ನಮ್ಮ ಕಡೆಯ ಮಾತು ಕಿವಿಗೆ ಬೀಳದೆ ಬರೀ ಕಣ್ಣಿಗೆ ಕಂಡರೆ ಆ ಪಾತ್ರ ಎದುರಿಗೆ ಬಂದು ನಿಲ್ಲುವುದೇ ಇಲ್ಲ. ಹಾಗಾಗಿ ವಿವರಣೆಯ ಭಾಗಗಳಲ್ಲಿ ಮುಂದೆ ಸಾಗಿ, ಸಂಭಾಷಣೆ ಬಂದೊಡನೆ ನಿಧಾನಿಸುತ್ತೇನೆ. ಬೆಳಿಗ್ಗೆ ಇಷ್ಟವಾದ ಪುಟಗಳಲ್ಲಿ ಹಳೆಯ ಬಸ್ ಟಿಕೆಟುಗಳನ್ನು ಸಿಕ್ಕಿಸಿ, ಸಂಜೆ ಮರಳುವಾಗ ಅವನ್ನಷ್ಟೇ ರಟ್ಟಿಲ್ಲದೆ, ತುಟಿ ಅಲ್ಲಾಡಿಸುತ್ತಾ ಓದುತ್ತೇನೆ. ಪಕ್ಕದಲ್ಲಿ ಕುಳಿತವರು ಜಪ ಮಾಡುತ್ತಿದ್ದೇನೆಂದು ತಿಳಿದು ಮಾತನಾಡಿಸದೆ ಬಿಟ್ಟದ್ದೂ ಉಂಟು.