ಕೆಂಪು ಮಣ್ಣಿನ ಊರಲ್ಲಿ ಸಿಡರೋಫೋರ್ ಹಿಡಿದ ಕಥೆ

ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಗೆ ಅದಿರು ಹೋಗುತ್ತಿದ್ದ ಜಿಲ್ಲೆ ನಮ್ಮದು. ಸಿಡರೋಫೋರ್ ಅಂದರೆ ಕಬ್ಬಿಣ ಸಾಲದಾಗ ಅದನ್ನು ಹಿಡಿದು ತರಲು ಬ್ಯಾಕ್ಟೀರಿಯಾ ಹೊರಗೆ ಬಿಡುವ ವಸ್ತು. ಅದಕ್ಕಾಗಿ ಚಿಕ್ಕಮಗಳೂರಲ್ಲಿ ಕೂತು ಕಬ್ಬಿಣವಿಲ್ಲದ ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಸುವ ಆಹಾರ) ಮಾಡುತ್ತೇನೆ ಅಂದಾಗ ಲ್ಯಾಬಿನವರೆಲ್ಲ ನಕ್ಕರು. "ಸುಮ್ನೆ ಬೆಂಗಳೂರಿಗೆ ಕಳಿಸಿಬಿಡಿ ಮೇಡಂ" ಅಂದವರೂ ಇದ್ದರು. ಈಗ ಅವರೇ ಬಂದು ಪ್ಲೇಟಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಬ್ಯಾಕ್ಟೀರಿಯಾ ಏರೋಮೊನಾಸ್ ಹೈಡ್ರೋಫಿಲಾ, ಕೆರೆ ನೀರಿನದು. ಟೆಸ್ಟು 1987ರ ಶ್ವಿನ್-ನೀಲ್ಯಾಂಡ್ಸ್ ಸಿಎಎಸ್. ಅದರ ನೀಲಿ ಡೈನಿಂದ ಸಿಡರೋಫೋರ್ ಕಬ್ಬಿಣ ಕಿತ್ತುಕೊಂಡರೆ ನೀಲಿ ಹೋಗಿ ಕಿತ್ತಳೆ ಬಣ್ಣ ಬರಬೇಕು. ತಿಂಗಳುಗಟ್ಟಲೆ ಬರಲೇ ಇಲ್ಲ. ಫ್ಲಾಸ್ಕಲ್ಲಿ ಬೆಳವಣಿಗೆ ಮಾತ್ರ ಜೋರು! ಅಂದರೆ ಎಲ್ಲಿಂದಲೋ ಕಬ್ಬಿಣ ಸಿಗುತ್ತಿತ್ತು. ಹೊಟ್ಟೆ ತುಂಬಿದವನು ಅಡುಗೆಮನೆ ಕಡೆ ಯಾಕೆ ಹೋಗ್ತಾನೆ, ಅಲ್ವಾ? ಬೋರ್‌ವೆಲ್ ನೀರಿನ ಡಿಸ್ಟಿಲ್ಡ್ ವಾಟರ್ ಬಿಟ್ಟು, ಡೀಅಯಾನೈಸ್ಡ್ (ಕರಗಿದ ಲವಣ ತೆಗೆದ) ನೀರಿನ ಕ್ಯಾನ್ ತರಿಸಿದೆ. ಅಂಟಿದ ಕಬ್ಬಿಣ ಹೋಗಲಿ ಅಂತ ಗಾಜಿನ ಸಾಮಾನೆಲ್ಲ 6 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಯಿತು. ಜೇಬು ಖಾಲಿ ಮಾಡಿದ್ದು ಸಿಎಎಸ್ ಟೆಸ್ಟಿನಲ್ಲಿ ಪಿಎಚ್ ಕದಲದಂತೆ ಹಿಡಿಯುವ ಪೈಪ್ಸ್ ಬಫರ್. ಅದಕ್ಕೇ ಹತ್ತಿರಹತ್ತಿರ ಐದಾರು ಸಾವಿರ ಹೋಯಿತು. ಪಿಎಚ್ 6.8ರ ಹತ್ತಿರ ತರುವವರೆಗೆ ಆ ಪುಡಿ ಕರಗುವುದೂ ಇಲ್ಲ.

ಗ್ಲೂಕೋಸ್ ಹಾಕಿದ ಪ್ಲೇಟಲ್ಲಿ ಒಂದು ದಿನ ದೊಡ್ಡ ಕಿತ್ತಳೆ ಉಂಗುರ ಬಂತು. ನನಗೆ ಗುಮಾನಿ. ತಮಾಷೆಗೆ ಖಾಲಿ ಪ್ಲೇಟಿಗೆ ನಿಂಬೆರಸ ಒಂದು ತೊಟ್ಟು ಬಿಟ್ಟೆ. ಅಲ್ಲೂ ನೀಲಿ ಮಾಯ! ಏರೋಮೊನಾಸ್ ಗ್ಲೂಕೋಸ್ ತಿಂದು ಆಸಿಡ್ ಬಿಡುತ್ತದೆ, ಆ ಆಸಿಡ್ ಮಾಡಿದ ಉಂಗುರವನ್ನೇ ಸಿಡರೋಫೋರ್ ಅಂತ ನಂಬಿ ಪೇಪರ್ ಬರೆಯುವವರೂ ಇರಬಹುದು. ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಗ್ಲೂಕೋಸ್ ಬಿಟ್ಟು ಸಕ್ಸಿನೇಟ್‌ಗೆ ಬಂದೆ, ಜೊತೆಗೆ ಸ್ವಲ್ಪ ಕ್ಯಾಸಮಿನೋ ಆಸಿಡ್ (ಹಾಲಿನ ಪ್ರೋಟೀನ್ ಒಡೆದು ಮಾಡಿದ್ದು). ಅದರೊಳಗಿನ ಕಬ್ಬಿಣವನ್ನು ಹೇಗೆ ತೆಗೆದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆಮೇಲೆ ಬಂತು ನೋಡಿ. 630 ನ್ಯಾನೋಮೀಟರ್‌ನಲ್ಲಿ ಓದಿದಾಗ 65-70 ಪರ್ಸೆಂಟ್ ಯೂನಿಟ್, ಅಂದರೆ ನೀಲಿ ಅಷ್ಟು ಪಾಲು ಕಮ್ಮಿಯಾಗಿತ್ತು. ಬೇಕಂತಲೇ ಕಬ್ಬಿಣ ಕೊಟ್ಟ, ಅಂದರೆ 20 ಮೈಕ್ರೋಮೋಲಾರ್ ಫೆರಿಕ್ ಕ್ಲೋರೈಡ್ ಹಾಕಿದ ಫ್ಲಾಸ್ಕ್ 10 ದಾಟಲಿಲ್ಲ. ಕಬ್ಬಿಣ ಇಲ್ಲದ್ದು, ಇದ್ದದ್ದು ಅನ್ನುವ ಈ ಜೋಡಿ ಇಲ್ಲದೆ ಯಾರಾದರೂ ರಿಸಲ್ಟ್ ತೋರಿಸಿದರೆ ನಾನು ನಂಬಲ್ಲ. ಪಿಎಚ್ 7ರ ಆಸುಪಾಸಿನಲ್ಲಿ ಚೆನ್ನಾಗಿತ್ತು. 5.5ಕ್ಕೆ ಇಳಿಸಿದಾಗ ಕಬ್ಬಿಣ ಸುಲಭವಾಗಿ ಕರಗುತ್ತದಲ್ಲ, ಅದಕ್ಕೇ ಏನೋ, ಬಣ್ಣ ಅರ್ಧಕ್ಕಿಂತ ಕಮ್ಮಿ. 28 ಡಿಗ್ರಿಯಲ್ಲಿ 37ಕ್ಕಿಂತ ಜಾಸ್ತಿ ಬಂತು. ಶೇಕರ್ (ಫ್ಲಾಸ್ಕ್ ಅಲುಗಾಡಿಸುವ ಯಂತ್ರ) ಇಲ್ಲದೆ ಇಟ್ಟದ್ದು ಸಪ್ಪೆ. ಕರೆಂಟ್ ಹೋದ ರಾತ್ರಿಗಳ ಫ್ಲಾಸ್ಕ್‌ಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಈ ಸಿಡರೋಫೋರ್ ಕ್ಯಾಟೆಕಾಲ್ ಗುಂಪಿನದೇ (ಕ್ಯಾಟೆಕಾಲ್ ಎಂಬ ರಾಸಾಯನಿಕ ಭಾಗದಿಂದ ಕಬ್ಬಿಣ ಹಿಡಿಯುವ ಬಗೆ) ಅನ್ನುವುದಕ್ಕೆ, ಅದನ್ನು ಬಣ್ಣದಿಂದ ಗುರುತಿಸುವ ಆರ್ನೋ ಟೆಸ್ಟ್ ಸಾಕಾಯಿತು. ನೈಟ್ರೈಟ್-ಮಾಲಿಬ್ಡೇಟ್ ಹಾಕಿದ ಕೂಡಲೇ ಹಳದಿ, ಮೇಲೆ ಕಾಸ್ಟಿಕ್ ಸೋಡಾ ಬಿದ್ದಾಗ ಕುಂಕುಮದ ಕೆಂಪು. ಖರ್ಚೂ ಕಮ್ಮಿ, ಪೈಪ್ಸ್ ಬೇಕಾಗಿಲ್ಲ.